ವಿಧಾನ ಆಮೇಲೆ, ಮೊದಲು ಪ್ರಶ್ನೆ: ಸಮಾಜಶಾಸ್ತ್ರದ ಸಂಶೋಧನೆಗೆ ಕೂರುವವರಿಗೆ

ಸಮಾಜಶಾಸ್ತ್ರದಲ್ಲಿ ಪ್ರಾಜೆಕ್ಟೋ ಥೀಸಿಸ್ಸೋ ಶುರು ಮಾಡಿದವರು ಸಾಮಾನ್ಯವಾಗಿ ಮೊದಲು ಕೈ ಹಾಕುವುದು ಪ್ರಶ್ನಾವಳಿಗೆ. ಏನು ತಿಳಿಯಬೇಕು ಅನ್ನುವುದು ಇನ್ನೂ ಮಸುಕು ಮಸುಕಾಗಿರುತ್ತದೆ. ಆದರೆ ನಲವತ್ತು ಪ್ರಶ್ನೆಗಳ ಗೂಗಲ್ ಫಾರ್ಮ್ ರೆಡಿ ಇರುತ್ತದೆ. ಅದನ್ನು ನಾಲ್ಕಾರು ವಾಟ್ಸಾಪ್ ಗ್ರೂಪಿಗೆ ಹಾಕಿ, ಬಂದಷ್ಟು ಉತ್ತರಕ್ಕೆ ಶೇಕಡಾ ಲೆಕ್ಕ ಹಾಕಿ, ಬಣ್ಣದ ಪೈ ಚಾರ್ಟ್ ಅಂಟಿಸಿದರೆ ಕೆಲಸ ಮುಗಿದಂತೆ. ವೈವಾದಲ್ಲಿ ‘ಈ ವಿಧಾನವನ್ನೇ ಯಾಕೆ ಆರಿಸಿದಿರಿ?’ ಅಂತ ಕೇಳಿದಾಗ ಮಾತ್ರ ಬಾಯಿ ಕಟ್ಟುತ್ತದೆ.

ಸಮೀಕ್ಷೆ ಕೆಟ್ಟ ವಿಧಾನ ಅಂತ ಇದರ ಅರ್ಥ ಅಲ್ಲ. ಸಮೀಕ್ಷೆ, ಸಂದರ್ಶನ, ಅವಲೋಕನ, ದಾಖಲೆ, ಪ್ರಯೋಗ ಎಲ್ಲವೂ ಅದರದರ ಜಾಗದಲ್ಲಿ ಒಳ್ಳೆಯವೇ. ನನ್ನ ಪ್ರಕಾರ ವಿಧಾನ ಆರಿಸುವಾಗ ಕೇಳಿಕೊಳ್ಳಬೇಕಾದ ಮುಖ್ಯ ಪ್ರಶ್ನೆ ಒಂದೇ. ನನಗೆ ಬೇಕಾದ ಉತ್ತರ ಈಗ ಎಲ್ಲಿದೆ? ಜನರ ಬಾಯಲ್ಲಿದೆಯಾ, ಅವರ ನಡತೆಯಲ್ಲಿದೆಯಾ, ಯಾವುದೋ ಕಾಗದದಲ್ಲಿದೆಯಾ? ಇದು ಗೊತ್ತಾದರೆ ವಿಧಾನ ಹೆಚ್ಚುಕಡಿಮೆ ತಾನಾಗಿಯೇ ಸಿಗುತ್ತದೆ.

ಲೇಖನದ ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಗಂಡ ಹೆಂಡತಿ ಇಬ್ಬರೂ ಹೊರಗೆ ದುಡಿಯುವ ಮನೆಗಳಲ್ಲಿ ಮನೆಗೆಲಸ ಹೇಗೆ ಹಂಚಿಕೆಯಾಗುತ್ತದೆ ಅನ್ನುವುದು.

ಹಂತ 1: ವಿಷಯವನ್ನು ಪ್ರಶ್ನೆಯಾಗಿ ಬರೆಯಿರಿ

‘ದುಡಿಯುವ ದಂಪತಿಗಳು ಮತ್ತು ಮನೆಗೆಲಸ’ ಅನ್ನುವುದು ವಿಷಯ. ಇದಕ್ಕೆ ಉತ್ತರ ಇಲ್ಲ, ಯಾಕೆಂದರೆ ಇದು ಪ್ರಶ್ನೆಯೇ ಅಲ್ಲ. ಇದೇ ವಿಷಯದಿಂದ ಹುಟ್ಟುವ ಪ್ರಶ್ನೆಗಳನ್ನು ನೋಡಿ:

- ಇಬ್ಬರಲ್ಲಿ ಯಾರು ದಿನಕ್ಕೆ ಎಷ್ಟು ಹೊತ್ತು ಮನೆಗೆಲಸ ಮಾಡುತ್ತಾರೆ?
- ಹಂಚಿಕೆ ಸಮ ಇಲ್ಲದಿದ್ದರೂ ಅದು ನ್ಯಾಯವೇ ಅಂತ ಇಬ್ಬರಿಗೂ ಅನ್ನಿಸುವುದು ಹೇಗೆ?
- ‘ಇವತ್ತು ಪಾತ್ರೆ ಯಾರು ತೊಳೆಯಬೇಕು’ ಅನ್ನುವುದು ಮಾತೇ ಇಲ್ಲದೆ ತೀರ್ಮಾನವಾಗುವುದು ಹೇಗೆ?
- ಕಳೆದ ಮೂವತ್ತು ವರ್ಷಗಳಲ್ಲಿ ಈ ಹಂಚಿಕೆ ಬದಲಾಗಿದೆಯಾ?
- ಅಪ್ಪಂದಿರಿಗೆ ಸಂಬಳ ಸಹಿತ ರಜೆ ಕೊಟ್ಟರೆ ಮುಂದೆ ಅವರ ಪಾಲು ಜಾಸ್ತಿ ಆಗುತ್ತದಾ?

ವಿಷಯ ಒಂದೇ, ಆದರೆ ಈ ಐದು ಪ್ರಶ್ನೆಗಳ ದಾರಿ ಐದು. ಮೊದಲನೆಯದು ಅಳತೆ ಕೇಳುತ್ತದೆ. ಎರಡನೆಯದು ಅರ್ಥ ಕೇಳುತ್ತದೆ. ಮೂರನೆಯದು ನಡೆಯುವ ಕ್ರಮವನ್ನು, ನಾಲ್ಕನೆಯದು ಕಾಲದ ಬದಲಾವಣೆಯನ್ನು, ಐದನೆಯದು ಕಾರಣವನ್ನು ಕೇಳುತ್ತದೆ. ಐದನ್ನೂ ಒಂದೇ ಪ್ರಶ್ನಾವಳಿಗೆ ತುರುಕಿದರೆ ಒಂದಕ್ಕೂ ಸರಿಯಾದ ಉತ್ತರ ಸಿಗುವುದಿಲ್ಲ.

ಪ್ರಶ್ನೆ ಬರೆದ ಮೇಲೆ ಒಂದು ಸಣ್ಣ ಪರೀಕ್ಷೆ ಮಾಡಿ. ನೀವು ಅಂದುಕೊಂಡದ್ದಕ್ಕೆ ವಿರುದ್ಧವಾದ ಉತ್ತರ ಬರುವುದಕ್ಕೆ ಅದರಲ್ಲಿ ಜಾಗ ಇದೆಯಾ? ‘ಯುವಜನರ ಮೇಲೆ ಮೊಬೈಲಿನ ದುಷ್ಪರಿಣಾಮ’ ಅನ್ನುವ ಶೀರ್ಷಿಕೆಯಲ್ಲಿ ತೀರ್ಪು ಆಗಲೇ ಬಂದುಬಿಟ್ಟಿದೆ. ಇನ್ನು ಸಾಕ್ಷಿ ಹುಡುಕಿ ಏನು ಪ್ರಯೋಜನ? ಸುಮ್ನೆ ಕಾಗದ ದಂಡ.

ಹಂತ 2: ಉತ್ತರ ಇರುವ ಜಾಗ ಹುಡುಕಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ.

ರಿಚರ್ಡ್ ಲಾಪಿಯೇರ್ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞ 1930ರ ದಶಕದ ಆರಂಭದಲ್ಲಿ ಒಬ್ಬ ಚೀನೀ ದಂಪತಿಯ ಜೊತೆ ದೇಶ ಸುತ್ತಿದರು. ಆಗ ಅಲ್ಲಿ ಚೀನೀಯರ ಬಗ್ಗೆ ತಾತ್ಸಾರ ಬಹಳವಿತ್ತು. ಮೂವರೂ ಹೋಟೆಲು, ಊಟದ ಮನೆ, ತಂಗುದಾಣ ಅಂತ 251 ಕಡೆ ಹೋದರು. ಜಾಗ ಇಲ್ಲ ಅಂತ ವಾಪಸ್ ಕಳಿಸಿದ್ದು ಒಂದೇ ಒಂದು ಕಡೆ. ತಿಂಗಳುಗಳ ನಂತರ ಅದೇ ಜಾಗಗಳಿಗೆ ಪತ್ರ ಬರೆದು ‘ಚೀನೀ ಗಿರಾಕಿಗಳನ್ನು ಒಳಗೆ ಬಿಟ್ಟುಕೊಳ್ಳುತ್ತೀರಾ?’ ಅಂತ ಕೇಳಿದರು. ಉತ್ತರ ಬರೆದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಇಲ್ಲ ಅಂದರು. 1934ರಲ್ಲಿ ಅವರು ಇದನ್ನು ಪ್ರಕಟಿಸಿದರು.

ಅಂದರೆ ಜನ ಹೇಳುವುದು ಒಂದು, ಮಾಡುವುದು ಇನ್ನೊಂದು. ಕೇವಲ ಪತ್ರ ಬರೆದು ಬಿಟ್ಟಿದ್ದರೆ ಅವರಿಗೆ ಒಂದು ಸಮಾಜ ಕಾಣುತ್ತಿತ್ತು. ಕೇವಲ ಊರೂರು ಸುತ್ತಿದ್ದರೆ ಬೇರೆಯೇ ಸಮಾಜ ಕಾಣುತ್ತಿತ್ತು. ಈ ಅಧ್ಯಯನದಲ್ಲೂ ತೂತುಗಳಿವೆ, ಅದನ್ನೂ ಹೇಳಬೇಕು. ಪತ್ರಕ್ಕೆ ಉತ್ತರ ಬರೆದವರೂ ಅಂದು ಕೌಂಟರಿನಲ್ಲಿ ನಿಂತಿದ್ದವರೂ ಒಬ್ಬರೇ ಆಗಿರಬೇಕಿಲ್ಲ. ಜೊತೆಗೆ ಒಬ್ಬ ಬಿಳಿಯ ಪ್ರೊಫೆಸರ್ ಇದ್ದದ್ದೂ ಬಾಗಿಲು ತೆರೆಸಿರಬಹುದು. ಆದರೂ ಪಾಠ ಗಟ್ಟಿಯಾಗಿ ನಿಂತಿದೆ.

ನಮ್ಮ ಮನೆಗೆಲಸಕ್ಕೆ ಬನ್ನಿ. ‘ಮನೆಗೆಲಸದಲ್ಲಿ ನಿಮ್ಮ ಪಾಲು ನೂರಕ್ಕೆ ಎಷ್ಟು?’ ಅಂತ ಗಂಡನನ್ನೂ ಹೆಂಡತಿಯನ್ನೂ ಬೇರೆ ಬೇರೆ ಕೇಳಿ, ಎರಡನ್ನೂ ಕೂಡಿಸಿ ನೋಡಿದರೆ ಮೊತ್ತ ಸಾಮಾನ್ಯವಾಗಿ ನೂರನ್ನು ದಾಟುತ್ತದೆ. ಇಬ್ಬರೂ ಸುಳ್ಳು ಹೇಳುತ್ತಾರೆ ಅಂತ ಅಲ್ಲ. ತಾವು ಮಾಡಿದ್ದು ಜಾಸ್ತಿ ನೆನಪಿರುತ್ತದೆ, ಅಷ್ಟೇ. ಹಾಗಾಗಿ ‘ಎಷ್ಟು ಹೊತ್ತು’ ಅನ್ನುವುದು ನಿಮ್ಮ ಪ್ರಶ್ನೆಯಾದರೆ ಅಂದಾಜು ಕೇಳಬೇಡಿ. ಸಮಯದ ಡೈರಿ ಕೊಡಿ. ಯುರೋಪಿನ ಸಮಯ ಬಳಕೆ ಸಮೀಕ್ಷೆಗಳಲ್ಲಿ ಇಡೀ ದಿನವನ್ನು 10 ನಿಮಿಷದ ಸಾಲುಗಳಾಗಿ ಮಾಡಿ, ಪ್ರತಿ ಸಾಲಿನಲ್ಲೂ ಏನು ಮಾಡುತ್ತಿದ್ದಿರಿ, ಜೊತೆಯಲ್ಲಿ ಯಾರಿದ್ದರು ಅಂತ ಬರೆಸುತ್ತಾರೆ. ಬರೆಯುವವರಿಗೆ ಬೇಜಾರು ಹೌದು. ಆದರೆ ನಡತೆಗೆ ಹತ್ತಿರದ ಅಳತೆ ಅದು.

ಹಾಗಂತ ಬಾಯಿಮಾತಿಗೆ ಬೆಲೆ ಇಲ್ಲ ಅಂದುಕೊಳ್ಳಬೇಡಿ. ‘ಇದು ನ್ಯಾಯ ಅಂತ ಅವರಿಗೆ ಹೇಗೆ ಅನ್ನಿಸುತ್ತದೆ’ ಅನ್ನುವ ಎರಡನೇ ಪ್ರಶ್ನೆಗೆ ಡೈರಿಯಲ್ಲಿ ಉತ್ತರ ಸಿಗುವುದಿಲ್ಲ. ಅಲ್ಲಿ ಅವರ ಮಾತೇ ಮುಖ್ಯ. ‘ಅವರು ಕೇಳಿದರೆ ಮಾಡ್ತಾರೆ, ಪಾಪ’ ಅಂತ ಒಬ್ಬಾಕೆ ಹೇಳಿದರೆ, ಆ ‘ಪಾಪ’ದಲ್ಲೇ ನಿಮ್ಮ ಅರ್ಧ ಅಧ್ಯಾಯ ಇದೆ.

ಹಂತ 3: ಯಾರ ಬಗ್ಗೆ ಮಾತಾಡುತ್ತಿದ್ದೀರಿ?

ವ್ಯಕ್ತಿಯ ಬಗ್ಗೆಯೋ, ಮನೆಯ ಬಗ್ಗೆಯೋ, ಜಿಲ್ಲೆಯ ಬಗ್ಗೆಯೋ? ಇದನ್ನು ವಿಶ್ಲೇಷಣೆಯ ಘಟಕ ಅನ್ನುತ್ತಾರೆ. ಜಿಲ್ಲೆಗಳ ಅಂಕಿಅಂಶ ಇಟ್ಟುಕೊಂಡು ವ್ಯಕ್ತಿಗಳ ಬಗ್ಗೆ ತೀರ್ಪು ಕೊಟ್ಟರೆ ದೊಡ್ಡ ಎಡವಟ್ಟಾಗುತ್ತದೆ.

ವಿಲಿಯಂ ರಾಬಿನ್ಸನ್ 1950ರಲ್ಲಿ ಇದನ್ನು ಅಂಕಿ ಸಮೇತ ತೋರಿಸಿದರು. ಅಮೆರಿಕದ 1930ರ ಜನಗಣತಿ ನೋಡಿದರೆ, ವಲಸಿಗರು ಜಾಸ್ತಿ ಇದ್ದ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ ಇತ್ತು. ಹಾಗಾದರೆ ವಲಸಿಗರು ಹೆಚ್ಚು ಓದಿದವರು ಅಂತ ಹೇಳಬಹುದಾ? ವ್ಯಕ್ತಿಗಳ ಲೆಕ್ಕ ತೆಗೆದರೆ ಸಂಬಂಧ ತಲೆಕೆಳಗು. ಅಲ್ಲೇ ಹುಟ್ಟಿದವರಿಗಿಂತ ವಲಸಿಗರಲ್ಲೇ ಅನಕ್ಷರತೆ ಸ್ವಲ್ಪ ಹೆಚ್ಚು. ಸ್ಥಳೀಯರು ಚೆನ್ನಾಗಿ ಓದಿದ್ದ ರಾಜ್ಯಗಳಿಗೇ ವಲಸಿಗರು ಹೋಗಿ ನೆಲೆಸಿದ್ದರು, ಅದೇ ಇದರ ಗುಟ್ಟು.

ನಮ್ಮ ಉದಾಹರಣೆಯಲ್ಲಿ ಘಟಕ ದಂಪತಿ. ಹಾಗಾದರೆ ಹೆಂಡತಿಯನ್ನು ಮಾತ್ರ ಮಾತಾಡಿಸಿ ‘ದಂಪತಿಗಳ ಅಧ್ಯಯನ’ ಅಂತ ಹೆಸರಿಡುವಂತಿಲ್ಲ.

ಹಂತ 4: ಈಗ ವಿಧಾನಗಳತ್ತ

ಸಮೀಕ್ಷೆಯಿಂದ ಶುರು ಮಾಡೋಣ. ಎಷ್ಟು ಜನ, ಎಷ್ಟು ಪಾಲು, ಯಾವ ಗುಂಪಿನಲ್ಲಿ ಹೆಚ್ಚು ಅನ್ನುವುದಕ್ಕೆ ಇದೇ ಸರಿ. ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ.

ಒಂದು, ಸ್ಯಾಂಪಲ್, ಅಂದರೆ ಎಲ್ಲರ ಪರವಾಗಿ ಕೇಳಲು ಆರಿಸಿಕೊಂಡ ಕೆಲವರು. 1936ರಲ್ಲಿ ಲಿಟರರಿ ಡೈಜೆಸ್ಟ್ ಅನ್ನುವ ಅಮೆರಿಕದ ಪತ್ರಿಕೆ ಅಧ್ಯಕ್ಷ ಚುನಾವಣೆಗೆ ಮುಂಚೆ ಸುಮಾರು ಒಂದು ಕೋಟಿ ಜನರಿಗೆ ಮತಪತ್ರ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ರಿಪಬ್ಲಿಕನ್ ಪಕ್ಷದ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಅಂತ ಪತ್ರಿಕೆ ಬರೆಯಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ 48 ರಾಜ್ಯಗಳ ಪೈಕಿ 46ರಲ್ಲಿ. ವಿಳಾಸಗಳನ್ನು ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿ ಇಂಥ ಪಟ್ಟಿಗಳಿಂದ ತೆಗೆದಿದ್ದರು. ಆರ್ಥಿಕ ಕುಸಿತದ ಆ ಕಾಲದಲ್ಲಿ ಫೋನು, ಕಾರು ಇದ್ದವರು ಯಾರು ಅಂತ ಊಹಿಸಿಕೊಳ್ಳಿ. ಉತ್ತರ ಬರೆದು ಕಳಿಸುವ ಉತ್ಸಾಹ ಇದ್ದವರೂ ಒಂದೇ ಕಡೆ ವಾಲಿದ್ದರು. ಅದೇ ಚುನಾವಣೆಯಲ್ಲಿ ಜಾರ್ಜ್ ಗ್ಯಾಲಪ್ ಇದರ ಚಿಕ್ಕ ಪಾಲಿನಷ್ಟು ಜನರನ್ನು ಕೇಳಿ ಗೆಲ್ಲುವವರನ್ನು ಸರಿಯಾಗಿ ಹೇಳಿದರು.

ಹಾಗಾಗಿ ಎಷ್ಟು ಜನ ಅನ್ನುವುದಕ್ಕಿಂತ ಅವರನ್ನು ಹೇಗೆ ಆರಿಸಿದಿರಿ ಅನ್ನುವುದು ದೊಡ್ಡದು. ನಿಜವಾಗಿ ಯಾದೃಚ್ಛಿಕವಾಗಿ, ಅಂದರೆ ಲಾಟರಿ ಎತ್ತಿದ ಹಾಗೆ ಆರಿಸಿದರೆ ಸುಮಾರು 1,000 ಜನರಿಂದ ಬಂದ ಶೇಕಡಾವಾರು ಅಂಕಿ ಆಚೀಚೆ 3ರಷ್ಟು, 400 ಜನರಾದರೆ 5ರಷ್ಟು ಹೆಚ್ಚುಕಡಿಮೆ ಇರಬಹುದು. ಒಟ್ಟು ಜನಸಂಖ್ಯೆ ಹತ್ತು ಲಕ್ಷ ಇರಲಿ, ಹತ್ತು ಕೋಟಿ ಇರಲಿ, ಈ ಲೆಕ್ಕ ಹೆಚ್ಚೇನೂ ಬದಲಾಗುವುದಿಲ್ಲ. ಗ್ರೂಪಿಗೆ ಲಿಂಕ್ ಹಾಕಿ ಬಂದ ಉತ್ತರಗಳಿಗೆ ಮಾತ್ರ ಈ ಲೆಕ್ಕ ಅನ್ವಯಿಸುವುದೇ ಇಲ್ಲ. ಅಂಥ ಸ್ಯಾಂಪಲ್ ಬಳಸಲೇಬೇಡಿ ಅಂತ ನಾನು ಹೇಳುವುದಿಲ್ಲ. ಬಳಸಿದರೆ ‘ಉತ್ತರಿಸಿದ ಈ 120 ಜನರಲ್ಲಿ’ ಅಂತ ಬರೆಯಿರಿ. ‘ಇಂದಿನ ಯುವಜನರಲ್ಲಿ’ ಅಂತ ಬರೆಯಬೇಡಿ.

ಎರಡು, ಪ್ರಶ್ನೆಯ ಮಾತು. ಈ ಪ್ರಶ್ನೆ ನೋಡಿ: ‘ನಿಮ್ಮ ಮನೆಯಲ್ಲಿ ಅಡುಗೆ ಮತ್ತು ಮಕ್ಕಳ ಆರೈಕೆಯನ್ನು ಇಬ್ಬರೂ ಸಮಾನವಾಗಿ ಮಾಡುತ್ತೀರಾ? ಹೌದು / ಇಲ್ಲ.’ ಮೇಲ್ನೋಟಕ್ಕೆ ಚೆನ್ನಾಗೇ ಇದೆ ಅಲ್ವಾ? ಬಿಡಿಸಿ ನೋಡೋಣ. ಒಂದರಲ್ಲೇ ಎರಡು ಪ್ರಶ್ನೆಗಳಿವೆ. ಅಡುಗೆ ಹಂಚಿಕೊಂಡು ಮಗುವನ್ನು ಒಬ್ಬರೇ ನೋಡಿಕೊಳ್ಳುವವರು ಏನು ಹೇಳಬೇಕು? ಸಮಾನ ಅಂದರೆ ಸಮಯವಾ, ಶ್ರಮವಾ, ಸರದಿಯಾ? ಯಾವಾಗಿನ ಮಾತು, ನಿನ್ನೆಯದಾ, ಈ ವರ್ಷದ್ದಾ? ಎಲ್ಲಕ್ಕಿಂತ ಹೆಚ್ಚಾಗಿ, ‘ಇಲ್ಲ’ ಅಂದರೆ ಸಂಸಾರವನ್ನೇ ಬಿಟ್ಟುಕೊಟ್ಟ ಹಾಗೆ ಅನ್ನಿಸುತ್ತದೆ. ಸಂಗಾತಿ ಪಕ್ಕದಲ್ಲೇ ಕೂತಿದ್ದರಂತೂ ಮುಗಿಯಿತು.

ಅದರ ಬದಲು ಹೀಗೆ ಕೇಳಿ: ‘ನಿನ್ನೆ ರಾತ್ರಿಯ ಅಡುಗೆ ಯಾರು ಮಾಡಿದರು?’ ಆಯ್ಕೆಗಳು: ನಾನು, ಸಂಗಾತಿ, ಇಬ್ಬರೂ ಸೇರಿ, ಬೇರೆಯವರು, ಮನೆಯಲ್ಲಿ ಅಡುಗೆ ಮಾಡಲಿಲ್ಲ. ನಿನ್ನೆಯದು ನೆನಪಿರುತ್ತದೆ. ತೀರ್ಪು ಕೇಳುತ್ತಿಲ್ಲ, ಘಟನೆ ಕೇಳುತ್ತಿದ್ದೀರಿ, ಹಾಗಾಗಿ ಮುಜುಗರವೂ ಕಡಿಮೆ. ಒಂದು ಮನೆಯಲ್ಲಿ ನಿನ್ನೆ ಏನೋ ವಿಶೇಷ ಇದ್ದಿರಬಹುದು, ನಿಜ. ಉತ್ತರಿಸುವವರು ತುಂಬ ಜನ ಇದ್ದರೆ ಅದು ಸರಿದೂಗುತ್ತದೆ. ಆದರೆ ಎಲ್ಲರನ್ನೂ ಸೋಮವಾರವೇ ಕೇಳಿದರೆ ಬರೀ ಭಾನುವಾರದ ಅಡುಗೆ ಸಿಗುತ್ತದೆ. ಭೇಟಿಗಳನ್ನು ವಾರದ ಏಳೂ ದಿನಕ್ಕೆ ಹಂಚಿ.

ಇನ್ನು ಸಂದರ್ಶನ. ಅರ್ಥ, ಅನುಭವ, ಸಮರ್ಥನೆ ಇವೆಲ್ಲ ಬೇಕಾದಾಗ ಇದು. ‘ಯಾಕೆ’ ಅಂತ ನೇರವಾಗಿ ಕೇಳಿದರೆ ಜನ ವಕಾಲತ್ತಿಗೆ ಇಳಿಯುತ್ತಾರೆ. ‘ಮೊನ್ನೆ ಹಾಗಾದಾಗ ಏನಾಯ್ತು, ಆಮೇಲೆ?’ ಅಂತ ಕೇಳಿದರೆ ಕತೆ ಹೇಳುತ್ತಾರೆ. ‘ಯಾಕೆ’ ಅನ್ನುವುದು ಆ ಕತೆಯೊಳಗೇ ಇರುತ್ತದೆ.

ದಂಪತಿಯನ್ನು ಒಟ್ಟಿಗೆ ಮಾತಾಡಿಸಬೇಕಾ, ಬೇರೆ ಬೇರೆ ಮಾತಾಡಿಸಬೇಕಾ? ಇದೂ ವಿಧಾನದ ಆಯ್ಕೆಯೇ. ಬೇರೆ ಕೂರಿಸಿದರೆ ಇಬ್ಬರ ಮನಸ್ಸಿನ ಮಾತು ಬರುತ್ತದೆ. ಒಟ್ಟಿಗೆ ಕೂರಿಸಿದರೆ ಯಾರು ಯಾರ ಮಾತು ತುಂಡರಿಸುತ್ತಾರೆ, ಯಾರು ಯಾರ ಮುಖ ನೋಡಿ ಉತ್ತರಿಸುತ್ತಾರೆ ಅನ್ನುವುದು ಕಾಣುತ್ತದೆ. ನಿಮ್ಮ ಪ್ರಶ್ನೆಗೆ ಯಾವುದು ಬೇಕೋ ಅದನ್ನು ಆರಿಸಿ, ಯಾಕೆ ಅಂತ ಬರೆದಿಡಿ.

ಎಷ್ಟು ಸಂದರ್ಶನ ಸಾಕು ಅಂತ ಎಲ್ಲರೂ ಕೇಳುತ್ತಾರೆ. ಇದಕ್ಕೆ ಸೂತ್ರ ಇಲ್ಲ. ಹೊಸ ಸಂದರ್ಶನಗಳಲ್ಲಿ ಹೊಸದೇನೂ ಸಿಗದೆ ಕೇಳಿದ್ದೇ ಕೇಳಿಸತೊಡಗಿದರೆ ನಿಲ್ಲಿಸಬಹುದು. ಆದರೆ ಒಂದೇ ಥರದ ಮನೆಗಳಿಗೆ ಹೋಗಿ ‘ಹೊಸದೇನೂ ಬರುತ್ತಿಲ್ಲ’ ಅನ್ನುವುದು ಮೋಸ. ಮಕ್ಕಳಿಲ್ಲದವರು, ಹಿರಿಯರ ಜೊತೆ ಇರುವವರು, ರಾತ್ರಿ ಪಾಳಿಯವರು ಹೀಗೆ ಭಿನ್ನ ಮನೆಗಳನ್ನು ಹುಡುಕಿಕೊಂಡು ಹೋದ ಮೇಲೂ ಹೊಸದು ಬರದಿದ್ದರೆ ಆಗ ಸರಿ.

ಮೂರನೆಯದು ಅವಲೋಕನ, ಅದರಲ್ಲೂ ಜನರ ಜೊತೆ ಇದ್ದು ನೋಡುವ ಸಹಭಾಗಿ ಅವಲೋಕನ. ವಿಲಿಯಂ ಫೂಟ್ ವೈಟ್ 1930ರ ದಶಕದ ಕೊನೆಗೆ ಬಾಸ್ಟನ್ನಿನ ಇಟಾಲಿಯನ್ ಬಡಾವಣೆಯೊಂದರಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಇದ್ದರು. ಅಲ್ಲಿ ಅವರಿಗೆ ದಾರಿ ತೋರಿಸಿದ ಗೆಳೆಯ ಕೊಟ್ಟ ಬುದ್ಧಿಮಾತು ಪ್ರಸಿದ್ಧ. ಯಾರು, ಏನು, ಯಾಕೆ ಅಂತ ಕೇಳಿದರೆ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ, ಸುಮ್ನೆ ಜೊತೆಯಲ್ಲಿರು, ಕೇಳದೆಯೇ ಗೊತ್ತಾಗುತ್ತದೆ ಅನ್ನುವುದು ಅದರ ಸಾರ. ನಮ್ಮ ಮೂರನೇ ಪ್ರಶ್ನೆಗೆ, ಅಂದರೆ ಮಾತಿಲ್ಲದೆ ಕೆಲಸ ಹಂಚಿಕೆಯಾಗುವ ಬಗೆಗೆ, ಇದೇ ದಾರಿ. ಯಾಕೆಂದರೆ ಆ ತೀರ್ಮಾನ ಅವರಿಗೇ ಗೊತ್ತಿಲ್ಲದಂತೆ ಆಗುತ್ತಿರುತ್ತದೆ. ಗೊತ್ತಿಲ್ಲದ್ದನ್ನು ಕೇಳಿದರೆ ಹೇಗೆ ಹೇಳುತ್ತಾರೆ? ತೊಂದರೆ ಏನೆಂದರೆ, ಬೇರೆಯವರ ಅಡುಗೆಮನೆಯಲ್ಲಿ ನೀವು ನಿಂತಿದ್ದರೆ ಮೊದಲ ದಿನ ಗಂಡನೇ ಪಾತ್ರೆ ತೊಳೆಯುತ್ತಾನೆ. ಆ ನಾಟಕ ಸಡಿಲವಾಗುವವರೆಗೂ ಕಾಯಬೇಕು. ಅಷ್ಟು ಸಮಯ ಇಲ್ಲದಿದ್ದರೆ ಈ ವಿಧಾನ ಬೇಡ.

ನಾಲ್ಕನೆಯದು, ಇರುವ ದಾಖಲೆ ಮತ್ತು ಅಂಕಿಅಂಶ. ವಿದ್ಯಾರ್ಥಿಗಳು ಇದನ್ನು ಬಹಳ ಕಡೆಗಣಿಸುತ್ತಾರೆ. ಕ್ಷೇತ್ರಕಾರ್ಯ ಮಾಡದಿದ್ದರೆ ಅದು ಸಂಶೋಧನೆಯೇ ಅಲ್ಲ ಅನ್ನುವ ಭ್ರಮೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ 1897ರಲ್ಲಿ ಪ್ರಕಟಿಸಿದ ಆತ್ಮಹತ್ಯೆಯ ಅಧ್ಯಯನ ನಿಂತಿರುವುದೇ ಸರ್ಕಾರಿ ಅಂಕಿಅಂಶದ ಮೇಲೆ. ಮೂವತ್ತು ವರ್ಷದ ಬದಲಾವಣೆ ಕೇಳುವ ನಮ್ಮ ನಾಲ್ಕನೇ ಪ್ರಶ್ನೆಗೆ ಬೇರೆ ದಾರಿಯೇ ಇಲ್ಲ. ಹಿಂದಿನ ಸಮಯ ಬಳಕೆ ಸಮೀಕ್ಷೆಗಳು ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ಮೂವತ್ತು ವರ್ಷದ ಹಿಂದೆ ಪಾತ್ರೆ ಯಾರು ತೊಳೆದರು ಅಂತ ಇವತ್ತು ಕೇಳಿದರೆ ಸಿಗುವುದು ನೆನಪು, ಅಳತೆ ಅಲ್ಲ.

ದಾಖಲೆ ಮುಟ್ಟುವ ಮುಂಚೆ ಎರಡು ಕೇಳಿ. ಮೊದಲನೆಯದು, ಇದನ್ನು ಬರೆದವರು ಯಾರು, ಯಾತಕ್ಕೆ ಬರೆದರು? ಡರ್ಖೈಮ್ ಅವರ ಮೇಲೆ ನಂತರ ಬಂದ ದೊಡ್ಡ ಟೀಕೆಯೇ ಇದು. ಒಂದು ಸಾವನ್ನು ಆತ್ಮಹತ್ಯೆ ಅಂತ ಬರೆಯಬೇಕೋ ಅಪಘಾತ ಅಂತಲೋ ಅನ್ನುವುದನ್ನು ಒಬ್ಬ ಅಧಿಕಾರಿ ತೀರ್ಮಾನಿಸುತ್ತಾನೆ. ಕುಟುಂಬದ ಒತ್ತಡ, ಧರ್ಮದ ಕಳಂಕ ಎಲ್ಲ ಅದರಲ್ಲಿ ಸೇರಿಕೊಳ್ಳುತ್ತವೆ. ಎರಡನೆಯದು, ವ್ಯಾಖ್ಯೆ ನಡುವೆ ಬದಲಾಗಿದೆಯಾ? ಮಕ್ಕಳನ್ನು ನೋಡಿಕೊಳ್ಳುವುದನ್ನು ಒಂದು ಸುತ್ತಿನ ಸಮೀಕ್ಷೆ ಮನೆಗೆಲಸಕ್ಕೆ ಸೇರಿಸಿ, ಮುಂದಿನದು ಬೇರೆ ತಲೆಬರಹಕ್ಕೆ ಹಾಕಿದ್ದರೆ, ಮನೆಗಳಲ್ಲಿ ಏನೂ ಬದಲಾಗದೆಯೇ ನಿಮ್ಮ ಗ್ರಾಫ್ ಧಡಾರನೆ ಬೀಳುತ್ತದೆ.

ಕೊನೆಗೆ ಪ್ರಯೋಗ. ಕಾರಣ ಗಟ್ಟಿಯಾಗಿ ಹೇಳಬೇಕಾದರೆ ಇದರ ಸಮ ಇನ್ನೊಂದಿಲ್ಲ. ಡಿವಾ ಪೇಜರ್ ಅವರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಲ್ಲ ರೀತಿಯಲ್ಲೂ ಒಂದೇ ಥರ ಇದ್ದ ಯುವಕರನ್ನು ಅಮೆರಿಕದ ಮಿಲ್ವಾಕಿಯಲ್ಲಿ ಕೆಲಸ ಕೇಳಲು ಕಳಿಸಿದರು. ಬದಲಾಗುತ್ತಿದ್ದದ್ದು ಜನಾಂಗ ಮತ್ತು ಜೈಲಿಗೆ ಹೋಗಿಬಂದ ದಾಖಲೆ ಮಾತ್ರ. ಜೈಲು ದಾಖಲೆ ಇಲ್ಲದ ಬಿಳಿಯರಿಗೆ ಶೇ. 34ರಷ್ಟು ಕಡೆಯಿಂದ ಕರೆ ಬಂತು, ದಾಖಲೆ ಇದ್ದ ಬಿಳಿಯರಿಗೆ ಶೇ. 17. ದಾಖಲೆಯೇ ಇಲ್ಲದ ಕಪ್ಪು ಯುವಕರಿಗೆ ಬಂದದ್ದು ಶೇ. 14, ದಾಖಲೆ ಇದ್ದವರಿಗೆ ಶೇ. 5. ‘ನೀವು ಭೇದ ಮಾಡುತ್ತೀರಾ?’ ಅಂತ ಮಾಲೀಕರಿಗೆ ಪ್ರಶ್ನಾವಳಿ ಕೊಟ್ಟಿದ್ದರೆ ಈ ಅಂಕಿ ಸಿಗುತ್ತಿರಲಿಲ್ಲ.

ಎಲ್ಲವನ್ನೂ ಹೀಗೆ ಪ್ರಯೋಗ ಮಾಡಲು ಆಗುವುದಿಲ್ಲ. ಯಾರಿಗೆ ರಜೆ ಸಿಗಬೇಕು ಅಂತ ನೀವು ಲಾಟರಿ ಎತ್ತುವಂತಿಲ್ಲ. ಆದರೆ ಕೆಲವೊಮ್ಮೆ ಕಾನೂನೇ ಆ ಕೆಲಸ ಮಾಡಿಕೊಡುತ್ತದೆ. ನಾರ್ವೆ 1993ರಲ್ಲಿ ಅಪ್ಪಂದಿರಿಗೇ ಅಂತ ನಾಲ್ಕು ವಾರ ರಜೆ ಮೀಸಲಿಟ್ಟಿತು. ಆ ದಿನಾಂಕಕ್ಕೆ ಸ್ವಲ್ಪ ಮುಂಚೆ ಮತ್ತು ಸ್ವಲ್ಪ ನಂತರ ಮಗು ಹುಟ್ಟಿದ ಮನೆಗಳು ಬೇರೆಲ್ಲ ವಿಷಯದಲ್ಲಿ ಒಂದೇ ಥರ. ವರ್ಷಗಳ ನಂತರ ಆ ಎರಡು ಗುಂಪುಗಳನ್ನು ಸಂಶೋಧಕರು ಹೋಲಿಸಿ ನೋಡಿದ್ದಾರೆ. ನಮ್ಮ ಐದನೇ ಪ್ರಶ್ನೆಗೆ ಇಂಥ ಸಂದರ್ಭ ಹುಡುಕಬೇಕು.

ಹಂತ 5: ಎರಡು ವಿಧಾನ ಸೇರಿಸಬೇಕಾ?

ಅಂಕಿಯಲ್ಲಿ ಅಳೆಯುವ ಪರಿಮಾಣಾತ್ಮಕ ವಿಧಾನ ದೊಡ್ಡದೋ, ಮಾತು ಮತ್ತು ಅರ್ಥ ಹಿಡಿಯುವ ಗುಣಾತ್ಮಕ ವಿಧಾನ ದೊಡ್ಡದೋ ಅನ್ನುವ ಜಗಳಕ್ಕೆ ಸಮಯ ಹಾಳು ಮಾಡಬೇಡಿ. ಒಂದು ವಿಧಾನದ ಕುರುಡು ಜಾಗವನ್ನು ಇನ್ನೊಂದು ತುಂಬುವುದಾದರೆ ಮಾತ್ರ ಸೇರಿಸಿ. ‘ಮಿಶ್ರ ವಿಧಾನ’ ಅಂದರೆ ತೂಕ ಬರುತ್ತದೆ ಅಂತ ಸೇರಿಸಿದರೆ ಎರಡೂ ಅರ್ಧಂಬರ್ಧ ಆಗುತ್ತವೆ.

ಚೆನ್ನಾಗಿ ಸೇರಿಸಿದ್ದಕ್ಕೆ ಹಳೆಯ ಉದಾಹರಣೆ ಮರಿಯೆಂಟಾಲ್. ಆಸ್ಟ್ರಿಯಾದ ಆ ಹಳ್ಳಿಯ ಬಟ್ಟೆ ಗಿರಣಿ ಮುಚ್ಚಿ ಊರಿಗೆ ಊರೇ ಕೆಲಸ ಕಳೆದುಕೊಂಡಿತ್ತು. ಮರಿ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಝೈಸಲ್ ಮತ್ತು ಜೊತೆಗಾರರು 1930ರ ದಶಕದ ಆರಂಭದಲ್ಲಿ ಅಲ್ಲಿಗೆ ಹೋದರು. ಬದುಕಿನ ಕತೆ ಕೇಳಿದರು, ಸಮಯದ ಡೈರಿ ಬರೆಸಿದರು. ಗ್ರಂಥಾಲಯದ ಲೆಕ್ಕ ತೆಗೆದರು. ಕೈತುಂಬ ಸಮಯ ಇದ್ದರೂ, ಶುಲ್ಕ ಇಲ್ಲ ಅಂದರೂ ಪುಸ್ತಕ ಒಯ್ಯುವುದು ಸುಮಾರು ಅರ್ಧಕ್ಕೆ ಇಳಿದಿತ್ತು. ಬೀದಿಯಲ್ಲಿ ನಿಂತು ಜನ ಎಷ್ಟು ವೇಗವಾಗಿ ನಡೆಯುತ್ತಾರೆ, ಎಷ್ಟು ಸಲ ನಿಲ್ಲುತ್ತಾರೆ ಅಂತ ಗಡಿಯಾರ ಹಿಡಿದು ನೋಡಿದರು. ಗಂಡಸರು ನಿಧಾನ, ಹೆಂಗಸರು ಬಿರಬಿರನೆ. ಹೆಂಗಸರಿಗೆ ಮನೆಗೆಲಸ ಇದ್ದೇ ಇತ್ತಲ್ಲ. ಎಷ್ಟೋ ಗಂಡಸರು ಗಡಿಯಾರ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದರು. ಬಾಯಿ, ನಡತೆ, ಕಾಗದ ಮೂರೂ ಒಂದೇ ಮಾತು ಹೇಳಿದವು. ನಿರುದ್ಯೋಗ ಜನರನ್ನು ರೊಚ್ಚಿಗೆಬ್ಬಿಸಿರಲಿಲ್ಲ, ಕುಗ್ಗಿಸಿತ್ತು.

ಹಂತ 6: ನಿಮ್ಮ ಕೈಯಲ್ಲಿ ಆಗುತ್ತದಾ?

ಲೆಕ್ಕ ಹಾಕಿ. ಒಂದು ಗಂಟೆಯ ರೆಕಾರ್ಡಿಂಗ್ ಅನ್ನು ಬರಹಕ್ಕೆ ಇಳಿಸಲು ಕಡಿಮೆ ಅಂದರೂ ನಾಲ್ಕು ಗಂಟೆ ಬೇಕು, ಆರೂ ಆಗಬಹುದು. ಇಪ್ಪತ್ತು ದಂಪತಿಗಳನ್ನು ಬೇರೆ ಬೇರೆ ಮಾತಾಡಿಸಿದರೆ ನಲವತ್ತು ಗಂಟೆ ಮಾತು, ಹತ್ತಿರ ಹತ್ತಿರ ಇನ್ನೂರು ಗಂಟೆ ಟೈಪಿಂಗ್. ತಂತ್ರಾಂಶ ಬಳಸಿದರೂ ತಿದ್ದುವುದಕ್ಕೆ ಕೂರಲೇಬೇಕು. ಸಲ್ಲಿಸುವ ದಿನಾಂಕದಿಂದ ಹಿಂದಕ್ಕೆ ಎಣಿಸಿಕೊಂಡು ಬನ್ನಿ. ಆಗದಿದ್ದರೆ ಅದೇ ವಿಧಾನದಲ್ಲಿ ಅವಸರ ಮಾಡುವ ಬದಲು ಪ್ರಶ್ನೆಯನ್ನು ಚಿಕ್ಕದು ಮಾಡಿ. ಚಿಕ್ಕ ಮಗು ಇರುವ ಮನೆಗಳು ಮಾತ್ರ, ರಾತ್ರಿ ಅಡುಗೆ ಮಾತ್ರ, ಹೀಗೆ.

ಒಳಗೆ ಬಿಡುತ್ತಾರಾ ಅನ್ನುವುದನ್ನೂ ಮೊದಲೇ ನೋಡಿ. ಕಾರ್ಖಾನೆ, ಆಸ್ಪತ್ರೆ, ಜೈಲು, ಶಾಲೆ ಇಂಥ ಕಡೆ ಅನುಮತಿಗೇ ತಿಂಗಳು ಹೋಗಬಹುದು.

ಹಂತ 7: ಯಾರಿಗೆ ನೋವಾಗಬಹುದು?

ನೈತಿಕತೆ ಅಂದರೆ ಕೊನೆಯಲ್ಲಿ ಸಹಿ ಹಾಕಿಸುವ ಒಪ್ಪಿಗೆ ಪತ್ರ ಅಂತ ತಿಳಿಯಬೇಡಿ. ವಿಧಾನ ಆರಿಸುವುದರಲ್ಲೇ ಅದು ಇದೆ. ಲಾಡ್ ಹಂಫ್ರೀಸ್ 1960ರ ದಶಕದಲ್ಲಿ ಸಲಿಂಗ ಸಂಪರ್ಕಕ್ಕೆ ಸಾರ್ವಜನಿಕ ಶೌಚಾಲಯಗಳಿಗೆ ಬರುತ್ತಿದ್ದ ಗಂಡಸರನ್ನು ಅಧ್ಯಯನ ಮಾಡಿದರು. ಅವರ ಕಾರಿನ ನಂಬರ್ ಬರೆದುಕೊಂಡು ಮನೆ ವಿಳಾಸ ಪತ್ತೆ ಮಾಡಿದರು. ಒಂದು ವರ್ಷದ ನಂತರ ವೇಷ ಬದಲಿಸಿ, ಆರೋಗ್ಯ ಸಮೀಕ್ಷೆಯ ಹೆಸರಿನಲ್ಲಿ ಅವರ ಮನೆಗೇ ಹೋಗಿ ಮಾತಾಡಿಸಿದರು. ಆ ಕಾಲದಲ್ಲಿ ಆ ಪಟ್ಟಿ ಪೊಲೀಸರ ಕೈಗೆ ಸಿಕ್ಕಿದ್ದರೆ ಅವರ ಬದುಕು ಮೂರಾಬಟ್ಟೆ ಆಗುತ್ತಿತ್ತು. ಅವರ ಬಗ್ಗೆ ಇದ್ದ ತಪ್ಪು ಕಲ್ಪನೆಗಳನ್ನು ಅಧ್ಯಯನ ಒಡೆಯಿತು ಅನ್ನುವುದು ನಿಜ. ಆ ದಾರಿ ಸರಿಯೇ ಅನ್ನುವ ವಾದ ಇವತ್ತಿಗೂ ನಿಂತಿಲ್ಲ. ನಿಮ್ಮ ವಿಧಾನಕ್ಕೆ ಸುಳ್ಳು ಹೇಳುವುದು ಅನಿವಾರ್ಯ ಅನ್ನಿಸಿದರೆ ಪ್ರಶ್ನೆ ಬದಲಿಸಿ ಅಂತಲೇ ನಾನು ಹೇಳುವುದು.

ದಂಪತಿ ಅಧ್ಯಯನದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹೆಸರು ಬದಲಿಸಿದರೆ ಹೊರಗಿನವರಿಗೆ ಗುರುತು ಸಿಗುವುದಿಲ್ಲ, ಸರಿ. ಆದರೆ ಗಂಡ ನಿಮ್ಮ ವರದಿ ಓದಿದರೆ ಹೆಂಡತಿ ಹೇಳಿದ ಮಾತು ಅವನಿಗೆ ಗೊತ್ತಾಗದೆ ಇರುತ್ತದಾ? ಹಾಗಾಗಿ ಇಬ್ಬರ ಮಾತನ್ನೂ ಅಕ್ಕಪಕ್ಕ ಇಟ್ಟು ‘ಜೋಡಿ 7’ ಅಂತ ಬರೆಯಬೇಡಿ. ಹೆಂಡತಿಯರ ಮಾತು ಒಂದು ಕಡೆ, ಗಂಡಂದಿರ ಮಾತು ಇನ್ನೊಂದು ಕಡೆ, ನಡುವೆ ಜೋಡಿಯ ಕೊಂಡಿ ಇಲ್ಲದಂತೆ ಬರೆಯಿರಿ. ಸಂದರ್ಶನದಲ್ಲಿ ‘ನಿಮ್ಮ ಹೆಂಡತಿ ಬೇರೆ ಹೇಳಿದರಲ್ಲ’ ಅನ್ನುವ ಮಾತಂತೂ ಅಪ್ಪಿತಪ್ಪಿಯೂ ಬಾಯಿಂದ ಬರಬಾರದು. ಮಾತಿನ ನಡುವೆ ಹೊಡೆತ ಬಡಿತದ ವಿಷಯ ಹೊರಬಂದರೆ ಯಾರ ಸಹಾಯದ ನಂಬರ್ ಕೊಡಬೇಕು ಅಂತ ಮೊದಲೇ ಬರೆದಿಟ್ಟುಕೊಂಡು ಹೋಗಿ.

ಹಂತ 8: ಸಣ್ಣದಾಗಿ ಮಾಡಿ ನೋಡಿ, ಆಮೇಲೆ ಬರೆಯಿರಿ

ಪ್ರಶ್ನಾವಳಿಯಾದರೆ ನಾಲ್ಕೈದು ಜನರ ಎದುರು ಕೂತು, ಪ್ರತಿ ಪ್ರಶ್ನೆಗೂ ‘ನಿಮಗೆ ಇದು ಏನು ಕೇಳಿದ ಹಾಗೆ ಅನ್ನಿಸಿತು?’ ಅಂತ ಕೇಳಿ. ಸಂದರ್ಶನವಾದರೆ ಒಂದೆರಡು ಮಾಡಿ, ರೆಕಾರ್ಡಿಂಗ್ ಕೇಳಿ. ಯಾರ ಧ್ವನಿ ಜಾಸ್ತಿ ಇದೆ, ನಿಮ್ಮದಾ ಅವರದಾ? ಡೈರಿಯಾದರೆ ಮೊದಲು ನೀವೇ ಒಂದು ದಿನ ತುಂಬಿ. ಸಂಜೆ ಆರರ ಹೊತ್ತಿಗೆ ಎಷ್ಟು ಸಾಲು ಖಾಲಿ ಉಳಿದಿವೆ ಅಂತ ನೋಡಿದರೆ ಜನರಿಂದ ಏನು ನಿರೀಕ್ಷಿಸಬಹುದು ಅಂತ ಗೊತ್ತಾಗುತ್ತದೆ. ಈ ಹಂತದಲ್ಲಿ ವಿಧಾನ ಬದಲಾದರೆ ಹೆದರಬೇಡಿ. ಇರುವುದೇ ಅದಕ್ಕೆ.

ವಿಧಾನದ ಅಧ್ಯಾಯ ಬರೆಯುವಾಗ ಸಮೀಕ್ಷೆಯ ಗುಣ ದೋಷ, ಸಂದರ್ಶನದ ಗುಣ ದೋಷ ಅಂತ ಪಠ್ಯಪುಸ್ತಕ ಇಳಿಸಬೇಡಿ. ಪರೀಕ್ಷಕರಿಗೆ ಅದು ಗೊತ್ತಿದೆ. ನಿಮ್ಮ ಪ್ರಶ್ನೆ ಬರೆಯಿರಿ, ಉತ್ತರ ಎಲ್ಲಿದೆ ಅಂದುಕೊಂಡಿರಿ ಬರೆಯಿರಿ, ಅಲ್ಲಿಗೆ ಹೇಗೆ ಹೋದಿರಿ ಬರೆಯಿರಿ. ಜೊತೆಗೆ ಬಿಟ್ಟ ವಿಧಾನವನ್ನೂ ಹೆಸರಿಸಿ. ಉದಾಹರಣೆಗೆ ಹೀಗೆ: ‘ಹಂಚಿಕೆ ನ್ಯಾಯವೆಂದು ದಂಪತಿಗಳಿಗೆ ಹೇಗೆ ಅನ್ನಿಸುತ್ತದೆ ಎನ್ನುವುದು ಈ ಅಧ್ಯಯನದ ಪ್ರಶ್ನೆ. ಇದು ಅವರ ಮಾತಿನಲ್ಲೇ ಸಿಗುವಂಥದ್ದು. ಹಾಗಾಗಿ ಇಬ್ಬರನ್ನೂ ಬೇರೆ ಬೇರೆಯಾಗಿ ಸಂದರ್ಶಿಸಲಾಯಿತು. ನಿಜವಾಗಿ ಯಾರು ಎಷ್ಟು ಹೊತ್ತು ದುಡಿದರು ಎನ್ನುವುದನ್ನು ಈ ಅಧ್ಯಯನ ಅಳೆದಿಲ್ಲ. ಅದಕ್ಕೆ ಸಮಯದ ಡೈರಿ ಬೇಕಾಗುತ್ತಿತ್ತು.’

ಇಷ್ಟು ಸಾಲು ಧೈರ್ಯವಾಗಿ ಬರೆಯಲು ಆದರೆ ವೈವಾದ ಆ ಪ್ರಶ್ನೆಗೆ ಉತ್ತರ ಸಿದ್ಧವಿದೆ. ಬರೆಯಲು ಆಗದಿದ್ದರೆ ಕ್ಷೇತ್ರಕ್ಕೆ ಹೊರಡುವ ಮುಂಚೆ ಹಂತ 2ಕ್ಕೆ ವಾಪಸ್ ಹೋಗಿ.